ರೈಟ್ ಫೀಲ್ಡಿನಿಂದ ಶಾರ್ಟ್‌ಸ್ಟಾಪಿಗೆ: ಮಗಳಿಗೊಂದು ಪತ್ರ

ಮೈಸೂರು
9 ನವೆಂಬರ್ 2025

ಚಿರಂಜೀವಿ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಅಜ್ಜಿ ಈಗ ಕೋಲು ಹಿಡಿದು ನಡುಮನೆಯವರೆಗೆ ಬರುತ್ತಿದ್ದಾರೆ. ಆ ವಿವರಗಳನ್ನೆಲ್ಲ ಅಮ್ಮನಿಗೆ ತಿಳಿಸಿದ್ದೇನೆ. ನಿನಗೆ ಬರೆಯಬೇಕಾದದ್ದು ಬೇರೆ. ಬರುವ ವಸಂತದ ಸಾಫ್ಟ್‌ಬಾಲ್ ಪಂದ್ಯಗಳಿಗೆ ಕೋಚ್ ನಿನ್ನನ್ನು ಮೈದಾನದ ದೂರದ ಬಲಬದಿಯ ರೈಟ್ ಫೀಲ್ಡಿನಿಂದ ತೆಗೆದು ಸೆಕೆಂಡ್, ಥರ್ಡ್ ಬೇಸುಗಳ ನಡುವಿನ ಶಾರ್ಟ್‌ಸ್ಟಾಪ್ ಜಾಗದಲ್ಲಿ ನಿಲ್ಲಿಸುತ್ತಾರೆಂದು ಮೊನ್ನೆ ಫೋನಿನಲ್ಲಿ ಹೇಳಿದೆ. "ನಾನೇನು ತಪ್ಪು ಮಾಡಿದೆ, ಅಪ್ಪ?" ಎಂದು ಕೇಳಿ ಸುಮ್ಮನಾಗಿಬಿಟ್ಟೆ. ಆಗ ನನಗೆ ಉತ್ತರ ಹೊಳೆಯಲಿಲ್ಲ. ನಿಧಾನವಾಗಿ ಓದು, ವಾಕ್ಯಗಳು ಉದ್ದವೆನಿಸಿದರೆ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೋ.

ನೀನು ತಪ್ಪು ಮಾಡಿಲ್ಲ. ನೀನು ಐವತ್ತನೇ ನಂಬರಿನ ಅಂಗಿ ತೊಟ್ಟು ಆರಾಧಿಸುವ ಬೇಸ್‌ಬಾಲ್ ಆಟಗಾರ ಮೂಕಿ ಬೆಟ್ಸ್ ಕೂಡ ತಪ್ಪು ಮಾಡಿರಲಿಲ್ಲ. ರೈಟ್ ಫೀಲ್ಡಿನಲ್ಲಿ ಒಳ್ಳೆಯ ಫೀಲ್ಡಿಂಗಿಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿಯನ್ನು ಆರು ಸಲ ಗೆದ್ದು, 2018ರಲ್ಲಿ ಅಮೆರಿಕನ್ ಲೀಗಿನ ಅತ್ಯಮೂಲ್ಯ ಆಟಗಾರನೆನಿಸಿಕೊಂಡವನನ್ನು ಮೂವತ್ತು ದಾಟಿದ ಮೇಲೆ ಬೇಸುಗಳ ಬಳಿಯ ಇನ್‌ಫೀಲ್ಡಿಗೆ ಕರೆತಂದರು. ಅವನ ಜಾಗ ಬದಲಾದದ್ದು ಅದೇ ಮೊದಲಲ್ಲ ಎಂಬುದನ್ನು ಜನ ಮರೆಯುತ್ತಾರೆ. 2011ರಲ್ಲಿ ಬಾಸ್ಟನ್ ರೆಡ್ ಸಾಕ್ಸ್ ತಂಡ ಅವನನ್ನು ಆರಿಸಿಕೊಂಡದ್ದು ಇನ್‌ಫೀಲ್ಡರ್ ಎಂದೇ. ಆದರೆ ಅಲ್ಲಿ ಸೆಕೆಂಡ್ ಬೇಸ್ ಡಸ್ಟಿನ್ ಪೆಡ್ರೋಯಾ ಅವರ ಸ್ವಂತ ಮನೆಯಂತಿದ್ದುದರಿಂದ, 2014ರಲ್ಲಿ ಈ ಹುಡುಗನನ್ನು ದೂರದ ಔಟ್‌ಫೀಲ್ಡಿಗೆ ಕಳಿಸಿದರು. ಆ ವರ್ಷದ ಜೂನ್ ಕೊನೆಯಲ್ಲಿ ಅವನು ಮೊದಲ ಪಂದ್ಯ ಆಡಿದ್ದು ರೈಟ್ ಫೀಲ್ಡಿನಲ್ಲಿ. ಅಂದರೆ ಅವನಿಗೆ ಹೆಸರು ತಂದ ಜಾಗವೇ ಅವನ ಎರಡನೆಯ ಜಾಗ.

ಈಗ ಕಷ್ಟದ ಮಾತು. ಬೆಟ್ಸ್ ಆಮೇಲೆ ಸೇರಿದ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡ 2024ರಲ್ಲಿ ಮಾಡಿದ್ದು ನನಗೆ ಇಂದಿಗೂ ಸರಿ ಕಾಣುವುದಿಲ್ಲ. ಬೆಟ್ಸ್ ಸೆಕೆಂಡ್ ಬೇಸ್ ಆಡುತ್ತಾನೆಂದು ಹಿಂದಿನ ಡಿಸೆಂಬರಿನಲ್ಲೇ ಹೇಳಿದ್ದರು. ಅವನು ಚಳಿಗಾಲವಿಡೀ ಅದಕ್ಕೇ ಸಿದ್ಧನಾಗಿದ್ದ. ಅಭ್ಯಾಸ ಪಂದ್ಯಗಳಲ್ಲಿ ಅದೇ ತಂಡದ ಗ್ಯಾವಿನ್ ಲಕ್ಸ್ ಶಾರ್ಟ್‌ಸ್ಟಾಪಿನಿಂದ ಎಸೆಯಲು ತಡವರಿಸತೊಡಗಿದ ಮೇಲೆ, ಮಾರ್ಚ್ 8ರಂದು ಇಬ್ಬರನ್ನೂ ಅದಲುಬದಲು ಮಾಡಿದರು. ಸೋಲ್ ನಗರದಲ್ಲಿ ಸೀಸನ್ ಆರಂಭವಾಗಲು ಆಗ ಉಳಿದಿದ್ದದ್ದು ಹನ್ನೆರಡೇ ದಿನ. ಬೆಟ್ಸ್ ಆ ವರ್ಷ ಶಾರ್ಟ್‌ಸ್ಟಾಪಿನಲ್ಲಿ ಆಡಿದ 65 ಪಂದ್ಯಗಳಲ್ಲಿ ಒಂಬತ್ತು ತಪ್ಪುಗಳು ಅವನ ಲೆಕ್ಕಕ್ಕೆ ಬಿದ್ದವು, ಹೆಚ್ಚಿನವು ಎಸೆತದ ತಪ್ಪುಗಳು.

ಅಷ್ಟು ಬಲವಾದ ತೋಳಿನವನು ಎಸೆಯುವಾಗಲೇ ಏಕೆ ಎಡವಿದ? ನಿನಗೂ ಇದೇ ಮೊದಲು ಎದುರಾಗಲಿದೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ರೈಟ್ ಫೀಲ್ಡಿನಲ್ಲಿ ಎತ್ತರಕ್ಕೆ ಹಾರಿದ ಚೆಂಡು ನಿನಗೆ ನಾಲ್ಕೈದು ಸೆಕೆಂಡು ಕೊಡುತ್ತದೆ. ನೀನು ಓಡಿ, ಚೆಂಡಿನ ಹಿಂದೆ ಬಂದು, ಮುನ್ನುಗ್ಗುತ್ತ ಹಿಡಿದು, ಒಂದು ಸಣ್ಣ ಜಿಗಿತದೊಂದಿಗೆ ತೋಳನ್ನು ಪೂರ್ತಿ ಹಿಂದಕ್ಕೆಳೆದು ತಲೆಯ ಮೇಲಿನಿಂದ ಎಸೆಯುತ್ತೀಯೆ. ಇಡೀ ದೇಹದ ಓಟ ಆ ಎಸೆತದೊಳಗೆ ಸೇರಿಕೊಳ್ಳುತ್ತದೆ. ಶಾರ್ಟ್‌ಸ್ಟಾಪಿನಲ್ಲಿ ಜೋರಾಗಿ ನೆಲಕ್ಕೆ ಬಡಿದ ಚೆಂಡು ಒಂದೂವರೆ ಸೆಕೆಂಡಿನೊಳಗೆ ಕಾಲ ಬುಡಕ್ಕೆ ಬಂದಿರುತ್ತದೆ. ಕೊನೆಯ ಪುಟಿತ ಎತ್ತ ತಿರುಗುವುದೋ ಗೊತ್ತಿಲ್ಲ, ಬ್ಯಾಟರ್ ಆಗಲೇ ಓಡುತ್ತಿದ್ದಾಳೆ, ತೋಳನ್ನು ಹಿಂದಕ್ಕೆಳೆಯಲು ಸಮಯವಿಲ್ಲ. ಕಿವಿಯ ಪಕ್ಕದಿಂದಲೋ ಸೊಂಟದ ಮಟ್ಟದಿಂದಲೋ, ಕೆಲವೊಮ್ಮೆ ಕಾಲು ನೆಲಕ್ಕೆ ಊರುವ ಮೊದಲೇ ಎಸೆಯಬೇಕು. ಔಟ್‌ಫೀಲ್ಡರ್ ತೋಳಿನಿಂದ ಎಸೆದರೆ ಶಾರ್ಟ್‌ಸ್ಟಾಪ್ ಕಾಲಿನಿಂದ ಎಸೆಯುತ್ತಾನೆ ಎಂದರೂ ನಡೆದೀತು. ಬೇಸ್‌ಬಾಲಿನಲ್ಲಿ ಬೇಸುಗಳ ನಡುವೆ 90 ಅಡಿ, ನಿಮಗೆ 60 ಅಡಿ ಮಾತ್ರ. ಎಸೆತದ ದೂರ ಕಡಿಮೆಯೆಂದು ಸಮಾಧಾನಪಡಬೇಡ, ಓಡುವವಳ ದೂರವೂ ಅಷ್ಟೇ ಕಡಿಮೆ.

ಇದಲ್ಲದೆ ಪ್ರತಿ ಪಿಚ್‌ಗೂ, ಅಂದರೆ ಬ್ಯಾಟರ್ ಕಡೆಗಿನ ಪ್ರತಿ ಎಸೆತಕ್ಕೂ ಮೊದಲು, ಚೆಂಡು ನನ್ನ ಕಡೆಗೇ ಬಂದರೆ ಎಲ್ಲಿಗೆ ಎಸೆಯಬೇಕು, ಓಡುವವಳು ಬೇಸ್ ಕದಿಯಲು ಹೊರಟರೆ ಸೆಕೆಂಡ್ ಬೇಸಿಗೆ ಯಾರು ಹೋಗಬೇಕು, ಔಟ್‌ಫೀಲ್ಡಿನಿಂದ ಬಂದ ಚೆಂಡನ್ನು ನಡುವೆ ನಿಂತು ಪಡೆಯಬೇಕಾದವರು ಯಾರು ಎಂಬುದೆಲ್ಲ ತೀರ್ಮಾನವಾಗಿರಬೇಕು. ಮೂರು ವರ್ಷದಿಂದ ನೀನು ಆ ಎಸೆತಗಳನ್ನು ಎಸೆಯುತ್ತಿದ್ದವಳು. ಇನ್ನು ಅವನ್ನು ಪಡೆಯುವವಳು.

2024ರ ಜೂನ್ 16ರಂದು ಪಿಚ್ ತಾಗಿ ಬೆಟ್ಸ್‌ನ ಎಡಗೈ ಮೂಳೆ ಮುರಿಯಿತು. ಆಗಸ್ಟಿನಲ್ಲಿ ಮರಳಿದಾಗ ಅವನನ್ನು ರೈಟ್ ಫೀಲ್ಡಿಗೇ ಕಳಿಸಿದರು. ಚಾಂಪಿಯನ್ನರನ್ನು ನಿರ್ಧರಿಸುವ ಆ ವರ್ಷದ ಅಂತಿಮ ಸರಣಿ ವರ್ಲ್ಡ್ ಸೀರೀಸನ್ನೂ ಅಲ್ಲಿಂದಲೇ ಗೆದ್ದ. ಇಷ್ಟಕ್ಕೆ ಕಥೆ ಮುಗಿದಿದ್ದರೆ ನಾನು ನಿನ್ನ ಕೋಚಿಗೇ ಒಂದು ಪತ್ರ ಬರೆಯುತ್ತಿದ್ದೆನೇನೋ. ಆದರೆ 2025ಕ್ಕೆ ಅವನು ಮತ್ತೆ ಶಾರ್ಟ್‌ಸ್ಟಾಪಿಗೆ ಬಂದ. ವ್ಯತ್ಯಾಸವೇನೆಂದರೆ, ಈ ಸಲ ಯಾವ ಜಾಗಕ್ಕೆಂದು ಮೊದಲೇ ತಿಳಿದಿತ್ತು, ಒಂದಿಡೀ ಚಳಿಗಾಲ ಕೈಯಲ್ಲಿತ್ತು. ಬೆಲೆ ತೆರಲಿಲ್ಲವೆಂದಲ್ಲ: ಬ್ಯಾಟಿಂಗ್ ಸರಾಸರಿ .258ಕ್ಕೆ, ಅಂದರೆ ಸುಮಾರು ನಾಲ್ಕು ಯತ್ನಕ್ಕೆ ಒಂದು ಹಿಟ್‌ಗೆ ಇಳಿಯಿತು. ಮಾರ್ಚಿನಲ್ಲಿ ಕಾಯಿಲೆ ಬಿದ್ದು ತೂಕ ಕಳೆದುಕೊಂಡು ಟೋಕಿಯೊ ಪಂದ್ಯಗಳನ್ನೇ ಆಡಲಾಗದ ಕಾರಣಕ್ಕೋ, ಹೊಸ ಜಾಗದ ದಣಿವಿಗೋ, ಬೇರ್ಪಡಿಸಿ ಹೇಳುವುದು ಕಷ್ಟ. ಫೀಲ್ಡಿಂಗಿನಲ್ಲಿ ಮಾತ್ರ ನ್ಯಾಷನಲ್ ಲೀಗಿನ ಶಾರ್ಟ್‌ಸ್ಟಾಪ್ ಗೋಲ್ಡ್ ಗ್ಲವ್‌ನ ಕೊನೆಯ ಮೂವರಲ್ಲಿ ಒಬ್ಬನಾದ. ಪ್ರಶಸ್ತಿ ಸಿಗಲಿಲ್ಲ, ಇರಲಿ.

ಆ ಜಾಗವನ್ನು ಅವನಿಗೆ ಕಲಿಸಿದವರಲ್ಲಿ ಮಿಗೆಲ್ ರೋಹಾಸ್ ಮುಖ್ಯರು. ಅವರೇ ಹಳೆಯ ಶಾರ್ಟ್‌ಸ್ಟಾಪ್. ಬೆಟ್ಸ್ ಕಲಿತಷ್ಟೂ ಅವರಿಗೆ ಆ ಜಾಗದಲ್ಲಿ ಆಟ ಕಡಿಮೆಯಾಗುತ್ತಿತ್ತು. ಆದರೂ ಕಲಿಸಿದರು. ನವೆಂಬರ್ 1ರ ಶನಿವಾರದ, ಟೊರಾಂಟೊ ವಿರುದ್ಧದ ವರ್ಲ್ಡ್ ಸೀರೀಸಿನ ಏಳನೆಯ ಪಂದ್ಯವನ್ನು ನೀವು ಅಲ್ಲಿ ಸಂಜೆ ನೋಡಿದಿರಿ; ಇಲ್ಲಿ ಆಗಲೇ ಭಾನುವಾರದ ಬೆಳಗು, ನಾನೂ ಅಜ್ಜಿಯೂ ಫೋನನ್ನು ಹಾಲಿನ ಪಾತ್ರೆಗೆ ಒರಗಿಸಿಟ್ಟುಕೊಂಡು ನೋಡಿದೆವು. ಸೆಕೆಂಡ್ ಬೇಸಿಗೆ ಸರಿದಿದ್ದ ರೋಹಾಸ್ ಒಂಬತ್ತನೆಯ ಇನ್ನಿಂಗ್ಸಿನಲ್ಲಿ ಹೋಮ್ ರನ್ ಹೊಡೆದು ಅಂಕ ಸರಿಗಟ್ಟಿದರು. ಅದೇ ಇನ್ನಿಂಗ್ಸಿನಲ್ಲಿ ಬೇಸುಗಳೆಲ್ಲ ತುಂಬಿದ್ದಾಗ, ತಮ್ಮ ಕಡೆಗೆ ಬಂದ ಚೆಂಡನ್ನು ಹಿಡಿದು ತತ್ತರಿಸುತ್ತಲೇ ಹೋಮ್ ಪ್ಲೇಟಿಗೆ ಎಸೆದು ಪಂದ್ಯ ಉಳಿಸಿದರು. ಹನ್ನೊಂದನೆಯದರಲ್ಲಿ ಟೊರಾಂಟೊದ ಅಲೆಹಾಂಡ್ರೊ ಕರ್ಕ್ ಬ್ಯಾಟು ಮುರಿಯುವಂತೆ ಹೊಡೆದ ಚೆಂಡು ನೆಲ ಹಿಡಿದು ಬೆಟ್ಸ್ ಕಡೆಗೇ ಬಂತು. ಅವನು ಅದನ್ನೆತ್ತಿ, ತಾನೇ ಸೆಕೆಂಡ್ ಬೇಸ್ ತುಳಿದು, ಫಸ್ಟ್ ಬೇಸಿನಲ್ಲಿದ್ದ ಫ್ರೆಡ್ಡಿ ಫ್ರೀಮನ್‌ಗೆ ಎಸೆದ. ಡಬಲ್ ಪ್ಲೇ, ಒಂದೇ ಚೆಂಡಿಗೆ ಇಬ್ಬರು ಔಟ್; ಡಾಡ್ಜರ್ಸ್‌ಗೆ 5-4 ಗೆಲುವು, ವರ್ಲ್ಡ್ ಸೀರೀಸ್ ಮುಗಿಯಿತು. "ಆ ಹುಡುಗ ಮೊದಲಿನಿಂದಲೂ ಅಲ್ಲೇ ನಿಲ್ಲುವವನೇನೋ?" ಎಂದು ಅಜ್ಜಿ ಕೇಳಿದರು. ಬೇಸ್‌ಬಾಲಿನ ನಿಯಮ ಒಂದೂ ತಿಳಿಯದ ಅವರಿಂದ ಬಂದ ಆ ಪ್ರಶ್ನೆಗಿಂತ ದೊಡ್ಡ ಗೋಲ್ಡ್ ಗ್ಲವ್ ನನಗಂತೂ ಕಾಣದು.

ಅಜ್ಜಿಗೆ ನಮ್ಮ ಬೆಂಗಳೂರಿನ ರಾಹುಲ್ ದ್ರಾವಿಡ್ ಅವರ ಉದಾಹರಣೆ ಕೊಟ್ಟು ವಿವರಿಸಿದೆ. ತಂಡದಲ್ಲಿ ಇನ್ನೊಬ್ಬ ಬ್ಯಾಟ್ಸ್‌ಮನ್‌ಗೆ ಜಾಗ ಮಾಡಲು ಅವರು ಏಕದಿನ ಪಂದ್ಯಗಳಲ್ಲಿ ವಿಕೆಟ್ ಕೀಪಿಂಗ್ ಗ್ಲವ್ಸ್ ತೊಟ್ಟರು; 2003ರ ವಿಶ್ವಕಪ್ ಫೈನಲ್‌ವರೆಗೂ ವಿಕೆಟ್ ಹಿಂದೆ ನಿಂತವರು ಅವರೇ. ಅಜ್ಜಿಗೆ ತಕ್ಷಣ ಅರ್ಥವಾಯಿತು.

ಹಾಗೆಂದು, ಹೇಳಿದ ಕೂಡಲೇ ಎಲ್ಲದಕ್ಕೂ ತಲೆಯಾಡಿಸು ಎಂದು ನಾನು ಹೇಳುತ್ತಿಲ್ಲ. ಬಾಸ್ಟನ್ನಿನಲ್ಲಿ ಥರ್ಡ್ ಬೇಸ್ ಆಡುತ್ತಿದ್ದ ರಫೇಲ್ ಡೆವರ್ಸ್ ನೆನಪಿದೆಯಲ್ಲ? ಈ ವರ್ಷ ಥರ್ಡ್ ಬೇಸಿಗೆ ಅಲೆಕ್ಸ್ ಬ್ರೆಗ್ಮನ್ ಬಂದರೆಂದು ಅವನನ್ನು ಬ್ಯಾಟಿಂಗಿಗೆ ಮಾತ್ರ ಇಟ್ಟುಕೊಂಡರು. ಮೇ ತಿಂಗಳಲ್ಲಿ ಫಸ್ಟ್ ಬೇಸ್ ಆಟಗಾರ ಗಾಯಗೊಂಡಾಗ ಅಲ್ಲಿ ಆಡೆಂದರು. ಗ್ಲವ್ ಎತ್ತಿಡು ಎಂದವರೇ ಈಗ ಹೀಗೆ ಕೇಳುತ್ತಾರೆಂದು ಸಿಟ್ಟಾಗಿ ಅವನು ಒಪ್ಪಲಿಲ್ಲ. ಜೂನಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡಕ್ಕೆ ಹೋದ, ಅಲ್ಲಿ ಅದೇ ಫಸ್ಟ್ ಬೇಸ್ ಕಲಿತ. ಅವನ ಸಿಟ್ಟಿನಲ್ಲಿ ನ್ಯಾಯವಿಲ್ಲವೆಂದು ಹೇಳಲಾರೆ.

ಆದ್ದರಿಂದ ಕೋಚಿನ ಬಳಿ ಹಳೆಯ ಜಾಗ ಕೇಳಬೇಡ, ಸಮಯ ಕೇಳು. ಫೆಬ್ರವರಿಯವರೆಗೆ ವಾರಕ್ಕೆ ಮೂರು ದಿನ ನೆಲದ ಚೆಂಡಿನ ಅಭ್ಯಾಸ ಬೇಕೆಂದೂ, ನಡುವೆ ಮತ್ತೊಂದು ಜಾಗಕ್ಕೆ ದೂಡಬಾರದೆಂದೂ ವಿನಯದಿಂದ, ಆದರೆ ಸ್ಪಷ್ಟವಾಗಿ ಹೇಳು. ಭುಜದ ನೋವಿನಿಂದ ಸೆಕೆಂಡ್ ಬೇಸಿಗೆ ಸರಿಯುತ್ತಿರುವ ನಿಮ್ಮ ಹಳೆಯ ಶಾರ್ಟ್‌ಸ್ಟಾಪ್ ಹುಡುಗಿಯ ಜೊತೆ ನೀನು ಇನ್ನೂ ಮಾತಾಡಿಲ್ಲವೆಂದು ಅಮ್ಮ ಹೇಳಿದಳು. ಕೋಚಿಗಿಂತ ಮೊದಲು ಅವಳ ಬಳಿ ಹೋಗು. ನೀನು ಎಸೆದ ಚೆಂಡುಗಳಲ್ಲಿ ಅರ್ಧ ಇನ್ನು ಅವಳ ಗ್ಲವ್‌ಗೇ ಹೋಗಬೇಕಾದವು.

ನಾನು ಡಿಸೆಂಬರ್ 12ಕ್ಕೆ ಬರುತ್ತೇನೆ. ಅಷ್ಟರೊಳಗೆ ಹಿತ್ತಲಿನ ಹುಲ್ಲು ಕತ್ತರಿಸಿಡಲು ಅಮ್ಮನಿಗೆ ನೆನಪಿಸು. ಚೆಂಡು ನೆಟ್ಟಗೆ ಉರುಳಬೇಕು. ನನ್ನ ಸೊಂಟ ಸಹಿಸುವಷ್ಟು ದಿನ, ದಿನಕ್ಕೆ ಐವತ್ತು ಚೆಂಡು ಹೊಡೆದುಕೊಡುವ ಹೊಣೆ ನನ್ನದು.

ಇಂತಿ,
ನಿನ್ನ ಅಪ್ಪ