ಭಾರ ಹೇರುವುದಾದರೆ ಮೊದಲೇ ಹೇಳಿ

ಮಾನ್ಯ ಸಂಪಾದಕರೇ,

ಫ್ರಾನ್ಸ್‌ನ ಲೆ ಮಾನ್ಸ್ 24 ಗಂಟೆ ಕಾರ್ ರೇಸ್ ಬಗ್ಗೆ ನಿಮ್ಮ ಕ್ರೀಡಾ ಪುಟದಲ್ಲಿ ಬಂದ ಬರಹ ಓದಿದೆ. ಕಾರ್ ರೇಸ್‌ಗೆ ಕನ್ನಡ ಪತ್ರಿಕೆಯಲ್ಲಿ ಅಷ್ಟು ಜಾಗ ಸಿಕ್ಕಿದ್ದು ನೋಡಿ ತುಂಬಾ ಖುಷಿಯಾಯಿತು. ಆದರೆ ಅಲ್ಲಿನ ಅತಿ ಮೇಲಿನ, ಹೈಪರ್‌ಕಾರ್ ವಿಭಾಗದ ಕಾರುಗಳೆಲ್ಲ ಒಂದೇ ನಿಯಮದಲ್ಲಿ ತಯಾರಾದವು ಎನ್ನುವ ಹಾಗೆ ಅದರಲ್ಲಿ ಬರೆದಿತ್ತು. ಹಾಗಿಲ್ಲ. ಜಗಳವೆಲ್ಲ ಇರುವುದೇ ಅಲ್ಲಿ.

ಆ ಒಂದು ವಿಭಾಗದೊಳಗೆ ಎರಡು ಬಗೆಯ ಕಾರುಗಳಿವೆ. ಟೊಯೋಟಾ, ಫೆರಾರಿ, ಪ್ಯೂಜೊ ಓಡಿಸುವುದು ಎಲ್‌ಎಂಎಚ್. ಇದರಲ್ಲಿ ಚಾಸಿಯಿಂದ (ಕಾರಿನ ಮೂಲ ಚೌಕಟ್ಟು) ಹಿಡಿದು ಎಲ್ಲವನ್ನೂ ಕಂಪನಿಯೇ ಮಾಡಿಕೊಳ್ಳಬಹುದು, ಮುಂದಿನ ಚಕ್ರಕ್ಕೆ ಎಲೆಕ್ಟ್ರಿಕ್ ಮೋಟಾರ್ ಕೂರಿಸಬಹುದು. ಕ್ಯಾಡಿಲಾಕ್, ಬಿಎಂಡಬ್ಲ್ಯು ಓಡಿಸುವುದು, 2025ರ ತನಕ ಪೋರ್ಷೆ ಓಡಿಸಿದ್ದು ಎಲ್‌ಎಂಡಿಎಚ್. ಇವರು ಗೊತ್ತುಮಾಡಿದ ನಾಲ್ಕು ತಯಾರಕರಲ್ಲಿ ಒಬ್ಬರಿಂದ ಚಾಸಿ ಕೊಳ್ಳಬೇಕು. ಹೈಬ್ರಿಡ್ ಭಾಗ, ಅಂದರೆ ಎಲೆಕ್ಟ್ರಿಕ್ ಮೋಟಾರ್, ಎಲ್ಲರಿಗೂ ಒಂದೇ, ಅದೂ ಹಿಂದಿನ ಚಕ್ರಕ್ಕೆ ಮಾತ್ರ. ಖರ್ಚು ಕಡಿಮೆ.

ಮುಂದಿನ ಚಕ್ರವೂ ಎಳೆದರೆ ಏನಾಗುತ್ತದೆ ಎಂದು ಕೊಡಗಿನವರಿಗೆ ಹೇಳಿಕೊಡಬೇಕಾಗಿಲ್ಲ. ಜುಲೈ ಮಳೆಯಲ್ಲಿ ತೋಟದ ಏರು ಹತ್ತುವಾಗ ಜೀಪಿಗೆ ಫೋರ್ ವೀಲ್ ಹಾಕಿ ನೋಡಿ. ಅಲ್ಲಿವರೆಗೆ ಸುಮ್ನೆ ತಿರುಗುತ್ತಿದ್ದ ಚಕ್ರ ಮಣ್ಣು ಕಚ್ಚಿ ಹತ್ತುತ್ತದೆ. ಅದಕ್ಕೇ 2023ರಲ್ಲಿ ಟೊಯೋಟಾ, ಫೆರಾರಿ ಕಾರುಗಳು ಒಣ ಟ್ರ್ಯಾಕ್‌ನಲ್ಲಿ ಗಂಟೆಗೆ 190 ಕಿ.ಮೀ. ದಾಟಿದ ಮೇಲಷ್ಟೇ ಮುಂದಿನ ಮೋಟಾರ್ ಬಳಸಬೇಕು ಎಂದು ರೇಸ್ ನಡೆಸುವವರು ಕಟ್ಟು ಹಾಕಿದ್ದರು. ಅದು ನ್ಯಾಯವೇ.

ಉಳಿದ ವ್ಯತ್ಯಾಸವನ್ನು ತೂಕ ಮತ್ತು ಪವರ್‌ನಲ್ಲಿ ಸರಿದೂಗಿಸುತ್ತಾರೆ. ಇದಕ್ಕೆ ಬ್ಯಾಲೆನ್ಸ್ ಆಫ್ ಪರ್ಫಾರ್ಮೆನ್ಸ್, ಬಾಯಿಮಾತಿನಲ್ಲಿ ಬಿಒಪಿ ಎನ್ನುತ್ತಾರೆ. ನಾನು ಬಿಒಪಿ ಬೇಡ ಎನ್ನುವವನಲ್ಲ. ಹೈಪರ್‌ಕಾರ್‌ಗಿಂತ ಹಿಂದೆ ಇದ್ದ ಎಲ್‌ಎಂಪಿ1 ವಿಭಾಗದ ಕಾಲದಲ್ಲಿ ಖರ್ಚು ಕೈಮೀರಿ ಹೋಗಿತ್ತು. 2016ರ ಕೊನೆಗೆ ಆಡಿ ಬಿಟ್ಟಿತು, ಮರುವರ್ಷ ಪೋರ್ಷೆ ಬಿಟ್ಟಿತು, ದೊಡ್ಡ ಕಂಪನಿ ಎಂದು ಉಳಿದದ್ದು ಟೊಯೋಟಾ ಒಂದೇ. ಈಗ ನೋಡಿ, 2024ರಲ್ಲಿ 23 ಹೈಪರ್‌ಕಾರುಗಳು ಹೊರಟವು. 24 ಗಂಟೆ ಓಡಿದ ಮೇಲೂ ಒಂಬತ್ತು ಕಾರುಗಳು ಒಂದೇ ಲ್ಯಾಪ್‌ನಲ್ಲಿ (ಸುತ್ತಿನಲ್ಲಿ) ಇದ್ದವು. ಗೆದ್ದ ಫೆರಾರಿಗೂ ಎರಡನೇ ಸ್ಥಾನದ ಟೊಯೋಟಾಕ್ಕೂ 14 ಸೆಕೆಂಡ್ ಅಂತರ. ಇಂಥ ರೇಸ್ ಯಾರಿಗೆ ಬೇಡ?

ನನ್ನ ತಕರಾರು 2023ರದ್ದು. ಲೆ ಮಾನ್ಸ್ ಮುಗಿಯುವ ತನಕ ಬಿಒಪಿಯಲ್ಲಿ ಎರಡು ಬಗೆಯ ಕಾರುಗಳ ನಡುವೆ ಮಾತ್ರ ತಿದ್ದುಪಡಿ, ಕಂಪನಿ ಕಂಪನಿಗೆ ಬೇರೆ ಬೇರೆ ಇಲ್ಲ ಎಂಬುದು ಆ ವರ್ಷದ ಒಪ್ಪಂದ. ರೇಸ್‌ಗೆ ಹತ್ತು ದಿನ ಇರುವಾಗ ಅದನ್ನು ಮೀರಿದರು. ಟೊಯೋಟಾಕ್ಕೆ 37 ಕೆ.ಜಿ., ಫೆರಾರಿಗೆ 24, ಕ್ಯಾಡಿಲಾಕ್‌ಗೆ 11, ಪೋರ್ಷೆಗೆ 3 ಕೆ.ಜಿ. ಜಾಸ್ತಿ ಹೇರಿದರು. ಜೂನ್ 10ರ ಸಂಜೆ ಏಳೂವರೆಗೆ ರೇಸ್ ಶುರುವಾದಾಗ ಇಲ್ಲಿ ಮಳೆ, ಕರೆಂಟ್ ಇಲ್ಲ. ಫೋನ್‌ನಲ್ಲೇ ನೋಡಿದೆ. ಮರುದಿನ ಟೊಯೋಟಾ ಒಂದು ನಿಮಿಷ 21 ಸೆಕೆಂಡ್‌ನಿಂದ ಸೋತಿತು. ಕೊನೆಯ ಎರಡು ಗಂಟೆಯೊಳಗೆ ಟೊಯೋಟಾ ಚಾಲಕ ಹಿರಾಕಾವಾ ಆರ್ನಾಜ್ ತಿರುವಿನಲ್ಲಿ ಕಾರು ತಗುಲಿಸಿದ್ದೂ ನಿಜ. ಫೆರಾರಿ ಚೆನ್ನಾಗಿಯೇ ಓಡಿತು. ಆದರೂ ಆ 37 ಕೆ.ಜಿ. ಮಾತು ಇವತ್ತಿಗೂ ಆ ಗೆಲುವಿನ ಬೆನ್ನು ಬಿಟ್ಟಿಲ್ಲ. ಗೆದ್ದವರಿಗೂ ಇದು ಅನ್ಯಾಯ ಅಲ್ವಾ?

ಇದು ನನ್ನನ್ನು ಇಷ್ಟು ಕಾಡುವುದಕ್ಕೆ ಕಾರಣವಿದೆ. ನಮ್ಮ ಕಡೆ ಭತ್ತದ ಕೊಯ್ಲು ಮುಗಿದ ಗದ್ದೆಯಲ್ಲಿ ಆಟೋಕ್ರಾಸ್, ಅಂದರೆ ಕಾರ್ ರೇಸ್, ಮಾಡುತ್ತಾರೆ. ಒಂದು ವರ್ಷ ನನ್ನ ತಮ್ಮನ ಮಗ ಹಳೇ ಮಾರುತಿ 800 ತೆಗೆದುಕೊಂಡು ಹೋದ. ಹಿಂದಿನ ರಾತ್ರಿ ನಾವಿಬ್ಬರೂ ಕೂತು ಹಿಂದಿನ ಸೀಟು, ಸ್ಟೆಪ್ನಿ, ಜ್ಯಾಕ್ ಎಲ್ಲ ಬಿಚ್ಚಿ ಇಟ್ಟಿದ್ದೆವು. ಬೆಳಿಗ್ಗೆ ಹೋದರೆ ಆ ಕ್ಲಾಸ್‌ಗೆ ಎಂಟ್ರಿ ಸಾಲದು, ಮೇಲಿನ ಕ್ಲಾಸ್‌ಗೆ ಸೇರಿಸಿದ್ದೇವೆ ಎಂದರು. ಆ ಕ್ಲಾಸ್‌ನಲ್ಲಿ ಸೀಟು ತೆಗೆಯುವಂತಿಲ್ಲ. ಮನೆಯಿಂದ ಪಿಕಪ್‌ನಲ್ಲಿ ಸೀಟು ತರಿಸಿ, ಬಿಸಿಲಲ್ಲಿ ಕೂರಿಸಿದೆವು. ಬೋಲ್ಟ್ ಬಿಗಿಯುವಾಗ ಹುಡುಗನ ಕೈ ನಡುಗುತ್ತಿತ್ತು. ದೊಡ್ಡ ಎಂಜಿನ್‌ಗಳ ಎದುರು ಸೋತದ್ದಕ್ಕೆ ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಒಂದು ವಾರ ಮೊದಲು ಹೇಳಿದ್ದರೆ ಏನಾಗುತ್ತಿತ್ತು ದೊಡ್ಡಪ್ಪ ಎಂದು ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಲೆ ಮಾನ್ಸ್ ಸೇರಿರುವ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಆ ಪ್ರಶ್ನೆ ಕೇಳುವುದೂ ಕಷ್ಟ. ಬಿಒಪಿ ಬಗ್ಗೆ ತಂಡದವರಾಗಲಿ ಚಾಲಕರಾಗಲಿ ಹೊರಗೆ ಮಾತಾಡಬಾರದು ಎಂದು ನಿಯಮವನ್ನೇ ಮಾಡಿದ್ದಾರೆ. ಹಾಗಾಗಿ ಕೇಳಬೇಕಾದವರು ನೋಡುವ ನಾವು, ಬರೆಯುವ ನೀವು.

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ. ಮುಂದಿನ ಸಲ ಫಲಿತಾಂಶ ಹಾಕುವಾಗ ಕಾರಿನ ಹೆಸರಿನ ಪಕ್ಕ ಅದು ಎಲ್‌ಎಂಎಚ್ಚೋ ಎಲ್‌ಎಂಡಿಎಚ್ಚೋ, ಆ ರೇಸ್‌ಗೆ ಅದರ ತೂಕ ಎಷ್ಟಿತ್ತು, ಆ ತೂಕ ಗೊತ್ತುಮಾಡಿದ್ದು ಯಾವ ದಿನ ಎಂದು ಒಂದು ಸಾಲು ಹಾಕಿ.

ಇಂತಿ,
ಒಬ್ಬ ಕಾಫಿ ಬೆಳೆಗಾರ, ಪೊನ್ನಂಪೇಟೆ, ಕೊಡಗು