ಟ್ರೈನರ್‌ಗಳ ಗೆಲುವು ಅಚ್ಚು ಹಾಕುತ್ತೀರಿ, ಸೋಲಿನ ಲೆಕ್ಕ ಎಲ್ಲಿ?

ಸಂಪಾದಕರಿಗೆ ನಮಸ್ಕಾರ.

ಕುದುರೆ ರೇಸ್ ಇರುವ ದಿನ ನಿಮ್ಮ ಕ್ರೀಡಾ ಪುಟದ ಮೂಲೆಯಲ್ಲಿ, ಕುದುರೆ ಪಳಗಿಸಿ ರೇಸಿಗೆ ಇಳಿಸುವ ಟ್ರೈನರ್‌ಗಳ ಪಟ್ಟಿ ಬರುತ್ತದೆ. ಈ ಸೀಸನ್ನಿನಲ್ಲಿ ಯಾರ ಕುದುರೆಗಳು ಎಷ್ಟು ಗೆದ್ದವು ಅಂತ. ಒಂದು ಹೆಸರು, ಅದರ ಮುಂದೆ ಒಂದು ಅಂಕಿ, ಅಷ್ಟೇ. ತುಮಕೂರಿನಿಂದ ಬೆಳಗಿನ ರೈಲಿಗೆ ರೇಸ್ ಕೋರ್ಸ್‌ಗೆ ಹೊರಡುವವರು ಈ ತುಂಡು ಪೇಪರನ್ನೇ ಮಡಚಿ ಜೇಬಿನಲ್ಲಿ ಇಟ್ಟುಕೊಂಡಿರುತ್ತಾರೆ. ಯಶವಂತಪುರ ಬರುವಷ್ಟರಲ್ಲಿ ಮೊದಲ ಹೆಸರಿನ ಟ್ರೈನರ್‌ನ ಕುದುರೆ ಯಾವ್ಯಾವ ರೇಸಿನಲ್ಲಿದೆ ಅಂತ ಹುಡುಕಿ ಪೆನ್ನಿನಲ್ಲಿ ಸುತ್ತು ಹಾಕಿ ಮುಗಿದಿರುತ್ತದೆ. ಗೆದ್ದೆತ್ತಿನ ಬಾಲ ಹಿಡಿಯೋದು ಅಂದರೆ ಇದೇ ಅಲ್ವಾ?

ಪಟ್ಟಿ ಹಾಕಬೇಡಿ ಅನ್ನುತ್ತಿಲ್ಲ. ಅರ್ಧ ಪಟ್ಟಿ ಹಾಕಬೇಡಿ ಅನ್ನುತ್ತಿದ್ದೇನೆ.

ನಮ್ಮ ಬಿ.ಎಚ್. ರಸ್ತೆಯಲ್ಲಿ ರಿಸಲ್ಟ್ ಬಂದ ಮರುದಿನ ಕೋಚಿಂಗ್ ಸೆಂಟರ್‌ಗಳ ಬ್ಯಾನರ್ ನೋಡಿದ್ದೀರಿ. ಇಷ್ಟು ಮಂದಿಗೆ ಮೆಡಿಕಲ್ ಸೀಟು, ಇಷ್ಟು ಮಂದಿಗೆ ರ್‍ಯಾಂಕ್, ಫೋಟೋ ಸಮೇತ. ಒಟ್ಟು ಎಷ್ಟು ಮಕ್ಕಳು ಪರೀಕ್ಷೆ ಬರೆದರು ಅನ್ನುವುದು ಯಾವ ಬ್ಯಾನರ್‌ನಲ್ಲೂ ಇರುವುದಿಲ್ಲ. ಸೇರುವಾಗಲೇ ಶೇ 95 ತಂದಿದ್ದ ಮಕ್ಕಳು ಎಷ್ಟು ಅನ್ನುವುದಂತೂ ಕೇಳಲೇಬೇಡಿ. ಟ್ರೈನರ್ ಪಟ್ಟಿಯೂ ಅದೇ ಜಾತಿಯದು. ಒಬ್ಬರು 200 ಸಲ ಕುದುರೆ ಓಡಿಸಿ 30 ಗೆದ್ದರು, ಇನ್ನೊಬ್ಬರು 40 ಸಲ ಓಡಿಸಿ 8 ಗೆದ್ದರು ಅಂತ ಇಟ್ಟುಕೊಳ್ಳಿ. ನಿಮ್ಮ ಪಟ್ಟಿಯಲ್ಲಿ ಮೊದಲಿನವರು ತಲೆಯ ಮೇಲೆ, ಎರಡನೆಯವರು ಬುಡದಲ್ಲಿ. ಶೇಕಡಾ ಲೆಕ್ಕ ಹಾಕಿದರೆ ಮೊದಲಿನವರದು 15, ಎರಡನೆಯವರದು 20. ಓಡಿಸಿದ್ದೆಷ್ಟು ಅನ್ನುವ ಒಂದೇ ಒಂದು ಕಾಲಂ ಸೇರಿಸಿದ್ದರೆ ಓದುವವನಿಗೆ ಇಷ್ಟಾದರೂ ಗೊತ್ತಾಗುತ್ತಿತ್ತು.

ಹಾಗಂತ ಶೇಕಡಾ ಲೆಕ್ಕವೂ ಪೂರ್ತಿ ನಂಬುವಂಥದ್ದಲ್ಲ. ದೊಡ್ಡ ಲಾಯದವರು ಒಂದೇ ರೇಸಿಗೆ ಮೂರು ಕುದುರೆ ಇಳಿಸುತ್ತಾರೆ. ಗೆಲ್ಲುವುದು ಒಂದೇ ತಾನೆ? ಒಂದು ಗೆದ್ದರೂ ಲೆಕ್ಕದಲ್ಲಿ ಮೂರಕ್ಕೆ ಒಂದು, ಅಂದರೆ ಶೇ 33. ರೇಸಿನ ಲೆಕ್ಕದಲ್ಲಿ ನೋಡಿದರೆ ಅವರು ಇಳಿದ ರೇಸು ಗೆದ್ದೇ ಬಿಟ್ಟಿದ್ದಾರೆ. ಹಾಗಾಗಿ ಎಷ್ಟು ಕುದುರೆ ಅನ್ನುವುದರ ಜೊತೆಗೆ ಎಷ್ಟು ರೇಸು ಅಂತಲೂ ನೋಡಬೇಕು, ಮತ್ತು ಆ ಮೂರರಲ್ಲಿ ಲಾಯದ ಖಾಯಂ ಜಾಕಿ ಯಾವುದರ ಮೇಲೆ ಕೂತ ಅನ್ನುವುದನ್ನೂ. ಇನ್ನು ಹೊರ ಊರಿನ ಟ್ರೈನರ್‌ಗಳು. ಪೆಸಿ ಶ್ರಾಫ್ ತರಹದ ದೊಡ್ಡ ಹೆಸರಿನವರು ಮುಂಬೈ, ಪುಣೆಯ ಕಡೆಯಿಂದ ಬೆಂಗಳೂರಿಗೆ ಕುದುರೆ ಕಳಿಸುವುದು ಡರ್ಬಿಯಂಥ ದೊಡ್ಡ ರೇಸಿಗೆ, ಅದೂ ಅಳೆದು ತೂಗಿ ಆರಿಸಿದ ಕುದುರೆಯನ್ನು. ವಾರಾ ವಾರಾ ಕೆಳಗಿನ ಕ್ಲಾಸಿನ ಕುದುರೆಗಳನ್ನೂ ಓಡಿಸಲೇಬೇಕಾದ ಬೆಂಗಳೂರಿನ ಟ್ರೈನರ್ ಪಕ್ಕದಲ್ಲಿ ಅವರ ಶೇಕಡಾ ಇಟ್ಟು ಹೋಲಿಸಿದರೆ ಅದಕ್ಕೆ ತಲೆಬುಡ ಇರುವುದಿಲ್ಲ.

ಕುದುರೆ ಎಲ್ಲಿಂದ ಬಂತು ಅನ್ನುವುದೂ ಇದೆ. ನಮ್ಮ ಜಿಲ್ಲೆಯವರಿಗೆ ಇದು ಹೇಳಬೇಕಾಗಿಲ್ಲ. ಕುಣಿಗಲ್ ಸ್ಟಡ್ ಫಾರಂ ಟಿಪ್ಪು ಕಾಲದಿಂದ ಕುದುರೆ ಸಾಕಿದ ಜಾಗ. ಒಳ್ಳೆಯ ತಳಿಯ ಮರಿ, ದುಡ್ಡಿರುವ ಮಾಲೀಕ, ಇಬ್ಬರೂ ಹೋಗಿ ಸೇರುವುದು ಹೆಸರು ಮಾಡಿದ ಟ್ರೈನರ್ ಹತ್ತಿರವೇ. ಆಮೇಲೆ ಗೆಲುವು ಜಾಸ್ತಿ ಬಂದರೆ ಅದರಲ್ಲಿ ಟ್ರೈನರ್ ಕೈಚಳಕ ಎಷ್ಟು, ಮರಿಯ ರಕ್ತ ಎಷ್ಟು ಅಂತ ನಿಮ್ಮ ಒಂದು ಅಂಕಿ ಹೇಗೆ ಹೇಳುತ್ತದೆ?

ಟ್ರೈನರ್ ಲೆಕ್ಕ ನಿಜವಾಗಿ ಕೆಲಸಕ್ಕೆ ಬರುವ ಜಾಗ ಬೇರೆ ಇದೆ. ಇಪ್ಪತ್ತು ಸಲ ಓಡಿದ ಆರು ವರ್ಷದ ಕುದುರೆಯ ಬಗ್ಗೆ ಟ್ರೈನರ್ ಶೇಕಡಾ ಕೇಳಬೇಕಾಗಿಯೇ ಇಲ್ಲ. ಟ್ರೈನರ್ ಒಳ್ಳೆಯವನೋ ಕೆಟ್ಟವನೋ ಅದು ಆ ಕುದುರೆಯ ಹಿಂದಿನ ಓಟಗಳಲ್ಲಿ ಆಗಲೇ ಸೇರಿಹೋಗಿದೆ. ಅದನ್ನು ಮತ್ತೆ ಸೇರಿಸಿದರೆ ಒಂದೇ ಗುಣವನ್ನು ಎರಡು ಸಲ ಎಣಿಸಿದ ಹಾಗೆ. ಆದರೆ ಮೊದಲ ಸಲ ಓಡುವ ಎರಡು ವರ್ಷದ ಮರಿ ಇದೆಯಲ್ಲ, ಅದರ ಬಗ್ಗೆ ನಮಗೆ ಏನು ಗೊತ್ತು? ತಂದೆ ತಾಯಿ ಯಾರು, ಬೆಳಗಿನ ಟ್ರ್ಯಾಕ್ ವರ್ಕ್‌ನಲ್ಲಿ ಎಷ್ಟು ಟೈಮ್ ತೆಗೆದುಕೊಂಡಿತು, ಬಾಜಿ ಇಲ್ಲದೆ ತಾಲೀಮಿಗಾಗಿ ಓಡಿಸುವ ಮಾಕ್ ರೇಸ್‌ನಲ್ಲಿ ಎಷ್ಟನೆಯದಾಗಿ ಬಂತು, ಅಷ್ಟೇ. ಮಾಕ್ ರೇಸ್‌ನಲ್ಲಿ ಜಾಕಿ ಕುದುರೆಯನ್ನು ಪೂರ್ತಿ ಬಿಟ್ಟಿದ್ದನೋ ಹಿಡಿದು ಓಡಿಸಿದನೋ ಅಂತ ಪೇಪರ್ ಓದಿ ಪೂರ್ತಿ ತಿಳಿಯುವುದಿಲ್ಲ. ಇಲ್ಲಿ ಟ್ರೈನರ್‌ನ ಅಭ್ಯಾಸ ದಾರಿ ತೋರಿಸುತ್ತದೆ. ಕೆಲವರು ಮರಿಯನ್ನು ಮೊದಲ ಓಟಕ್ಕೇ ಪೂರ್ತಿ ತಯಾರು ಮಾಡಿ ತರುತ್ತಾರೆ. ಕೆಲವರಿಗೆ ಮೊದಲ ಎರಡು ಓಟ ಅಂದರೆ ಕುದುರೆಗೆ ಗೇಟು, ಜನ, ಸದ್ದು ಎಲ್ಲ ರೂಢಿ ಆಗಲಿ ಅಂತ. ಅವರ ಮರಿ ಮೂರನೇ ಓಟದಲ್ಲಿ ಬೇರೆ ಕುದುರೆಯೇ ಆಗಿರುತ್ತದೆ.

ಬಿಡುವಿನ ನಂತರ ಬರುವ ಕುದುರೆಯ ಕಥೆಯೂ ಹಾಗೇ. ಬೆಂಗಳೂರಿನ ಚಳಿಗಾಲದ ಸೀಸನ್ ಮುಗಿದ ಮೇಲೆ ವಿಶ್ರಾಂತಿ ಕೊಟ್ಟ ಕುದುರೆ ಬೇಸಿಗೆ ಸೀಸನ್ನಿನಲ್ಲಿ ಮೊದಲ ಸಲ ಇಳಿದಾಗ, ಅಥವಾ ಮೈಸೂರಿನಲ್ಲಿ ಓಡಿ ಬಂದ ಕುದುರೆ ಬೆಂಗಳೂರಿಗೆ ಬಂದಾಗ, ಒಂದೊಂದು ಲಾಯದಲ್ಲಿ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ರೀತಿ ಆಗುತ್ತಿರುತ್ತದೆ. ಲಾಯ ಬದಲಾದ ಕುದುರೆಯದಂತೂ ಕೇಳಬೇಡಿ, ಹೊಸ ಟ್ರೈನರ್ ಹತ್ತಿರ ಅಂಥ ಕುದುರೆಗಳ ಮೊದಲ ಎರಡು ಓಟ ನೋಡುತ್ತಾ ಬಂದರೆ ಅವರ ಕೈ ಹೇಗೆ ಅಂತ ತಿಳಿಯುತ್ತದೆ. ಇದೆಲ್ಲ ಒಟ್ಟು ಗೆಲುವಿನ ಅಂಕಿಯಲ್ಲಿ ಮುಚ್ಚಿಹೋಗುತ್ತದೆ.

ನಾನು ಇಟ್ಟಿರುವುದು 200 ಪುಟದ ಲಾಂಗ್ ಬುಕ್ಕು. ಒಬ್ಬ ಟ್ರೈನರ್‌ಗೆ ಎರಡು ಪುಟ. ಎಡಕ್ಕೆ ತಾರೀಕು, ಕುದುರೆ, ಎಷ್ಟು ಮೀಟರ್ ರೇಸು, ಎಷ್ಟು ಕುದುರೆ ಓಡಿದವು, ಜಾಕಿ. ಬಲಕ್ಕೆ ಎಷ್ಟು ದಿನದ ನಂತರ ಓಡಿತು, ಗೇಟು ತೆರೆಯುವ ಹೊತ್ತಿಗೆ ಬಾಜಿಯ ದರ ಎಷ್ಟಿತ್ತು, ಎಷ್ಟನೆಯದಾಗಿ ಬಂತು. ಮೊದಲ ಓಟಕ್ಕೆ ಕೆಂಪು ಇಂಕು, ಬಿಡುವಿನ ನಂತರದ ಓಟಕ್ಕೆ ಹಸಿರು. ಪುಟ ತುಂಬಿದ ಮೇಲೆ ಏನೂ ಲೆಕ್ಕ ಹಾಕದೆ ಸುಮ್ನೆ ಕಣ್ಣಾಡಿಸಿದರೂ ಸಾಕು, ಕೆಂಪು ಸಾಲಿನ ಕೊನೆಯಲ್ಲಿ ಬರೀ 7, 9, 11 ಇರುವ ಟ್ರೈನರ್ ಯಾರು, 1, 2, 3 ಇರುವವರು ಯಾರು ಅಂತ ಎದ್ದು ಕಾಣುತ್ತದೆ. ಇದನ್ನು ಮನೆಯಲ್ಲಿ ಕೂತು ನಾನು ಬರೆಯಬಹುದಾದರೆ, ಫಲಿತಾಂಶ ಪೂರ್ತಿ ಕೈಯಲ್ಲಿರುವ ಪತ್ರಿಕೆಗೆ ಎಷ್ಟು ಹೊತ್ತಿನ ಕೆಲಸ ಹೇಳಿ?

ಆದರೆ ಲೆಕ್ಕವನ್ನು ಹೀಗೆ ತುಂಡು ತುಂಡು ಮಾಡುವಾಗ ಒಂದು ಅಪಾಯ ಇದೆ, ಇದನ್ನು ರೇಸ್ ಪಂಡಿತರು ಯಾರೂ ಹೇಳುವುದಿಲ್ಲ. ಸಣ್ಣ ಅಂಕಿ ಸುಳ್ಳು ಹೇಳುತ್ತದೆ. ಪ್ರತಿ ಕುದುರೆಗೂ ಗೆಲ್ಲುವ ಅವಕಾಶ 10ರಲ್ಲಿ 1 ಅಂತ ಇಟ್ಟುಕೊಳ್ಳಿ. ಒಬ್ಬ ಟ್ರೈನರ್ ಅಂಥ 5 ಕುದುರೆ ಓಡಿಸಿದರೆ ಎರಡೋ ಅದಕ್ಕಿಂತ ಜಾಸ್ತಿಯೋ ಗೆಲ್ಲುವ ಸಾಧ್ಯತೆ ಶೇ 8ರಷ್ಟು. ಇಂಥ 50 ಟ್ರೈನರ್‌ಗಳಿದ್ದರೆ ಅವರಲ್ಲಿ ಸುಮಾರು 4 ಮಂದಿ ಬರೀ ಅದೃಷ್ಟದಿಂದಲೇ ಶೇ 40 ತೋರಿಸುತ್ತಾರೆ. ಆ ನಾಲ್ಕು ಮಂದಿಯ ಫೋಟೋ ಹಾಕಿ 'ಮೊದಲ ಓಟದ ಮಾಂತ್ರಿಕ' ಅಂತ ಬರೆಯುವುದು ಸುಲಭ. ಉಲ್ಟಾ ಕೂಡ ಆಗುತ್ತದೆ. ಐದಕ್ಕೆ ಒಂದು ಗೆಲ್ಲುವ ಒಳ್ಳೆಯ ಟ್ರೈನರ್‌ನ ಯಾವುದೇ ಹತ್ತು ಕುದುರೆ ತೆಗೆದುಕೊಳ್ಳಿ, ಹತ್ತೂ ಸೋಲುವ ಸಾಧ್ಯತೆ ಶೇ 10ಕ್ಕಿಂತ ಜಾಸ್ತಿಯೇ. ಎರಡು ವಾರ ಗೆಲುವಿಲ್ಲ ಅಂದ ತಕ್ಷಣ 'ಲಾಯಕ್ಕೆ ಗ್ರಹಚಾರ' ಅಂತ ಹೆಡ್ಡಿಂಗ್ ಕೊಡುತ್ತೀರಲ್ಲ, ಅದಕ್ಕೆ ಈ ಮಾತು. ಲಾಯದಲ್ಲಿ ಕೆಮ್ಮು ನೆಗಡಿ ಹರಡಿ ನಿಜವಾಗಿಯೂ ಕುದುರೆಗಳು ಸೊರಗುವುದುಂಟು, ಇಲ್ಲ ಅನ್ನುವುದಿಲ್ಲ. ಆಗ ಕುದುರೆಗಳು ಸೋಲುವುದಷ್ಟೇ ಅಲ್ಲ, ಗೆಲ್ಲುತ್ತವೆ ಅಂತ ಜನ ಜಾಸ್ತಿ ಕಟ್ಟಿದ ಫೇವರಿಟ್‌ಗಳೂ ಹಿಂದಿನ ಗುಂಪಿನಲ್ಲಿ ಬರುತ್ತವೆ. ಎರಡನೆಯದು ಮೂರನೆಯದು ಬರುತ್ತಿದ್ದರೆ ಲಾಯ ಚೆನ್ನಾಗಿಯೇ ಇದೆ ಅಂತ ಅರ್ಥ. ಅದಕ್ಕೇ ಪ್ಲೇಸ್ ಕಾಲಂ ಬೇಕು ಅನ್ನುವುದು.

ಈಗ ದುಡ್ಡಿನ ವಿಷಯ. ಒಬ್ಬ ಟ್ರೈನರ್‌ನ 20 ಕುದುರೆಗಳು ಈವನ್ ದರದಲ್ಲಿ ಓಡಿದವು, ಅಂದರೆ 100ಕ್ಕೆ 100 ಲಾಭ. ಆ ದರದ ಪ್ರಕಾರ ಎರಡಕ್ಕೆ ಒಂದು, ಅಂದರೆ 10 ಗೆಲ್ಲಬೇಕು, ಗೆದ್ದದ್ದು 9. ಇನ್ನೊಬ್ಬರ 20 ಕುದುರೆ ಓಡಿದ್ದು 100ಕ್ಕೆ 400 ಲಾಭದ ದರದಲ್ಲಿ. ದರದ ಪ್ರಕಾರ ಐದಕ್ಕೆ ಒಂದು, ಅಂದರೆ 4 ಗೆಲ್ಲಬೇಕು, ಗೆದ್ದದ್ದು 6. ನಿಮ್ಮ ಪಟ್ಟಿಯಲ್ಲಿ 9 ಗೆದ್ದವರೇ ದೊಡ್ಡವರು. ಪ್ರತಿಯೊಂದಕ್ಕೂ 100 ರೂಪಾಯಿ ಕಟ್ಟಿದವನಿಗೆ ಕೇಳಿ. ಮೊದಲಿನವರ ಕುದುರೆಗಳಿಗೆ 2,000 ಹಾಕಿ 1,800 ಬಂತು. ಎರಡನೆಯವರಲ್ಲಿ 2,000 ಹಾಕಿ 3,000 ಬಂತು. ಗೆಲ್ಲಬೇಕಾದದ್ದೆಷ್ಟು, ಗೆದ್ದದ್ದೆಷ್ಟು ಅನ್ನುವ ಈ ಭಾಗಾಕಾರವೇ ಟ್ರೈನರ್ ಲೆಕ್ಕದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ. ದೊಡ್ಡ ಹೆಸರು ಅಂದ ತಕ್ಷಣ ಎಲ್ಲರೂ ಅದಕ್ಕೇ ಕಟ್ಟುತ್ತಾರೆ, ದರ ಬಿದ್ದುಹೋಗುತ್ತದೆ. ನಿಮ್ಮ ಪಟ್ಟಿಯೇ ಆ ದರವನ್ನು ಇನ್ನಷ್ಟು ಬೀಳಿಸುತ್ತದೆ, ಬುಕ್ಕಿಗಳು ನಿಮಗೆ ಒಂದು ಕಾಫಿ ಕೊಡಿಸಬೇಕು.

ಇಷ್ಟೆಲ್ಲ ಲೆಕ್ಕ ಹಾಕಿ ಶ್ರೀಮಂತರಾಗಬಹುದಾ ಅಂತ ಕೇಳುವ ಹುಡುಗರಿಗೆ ಒಂದು ಮಾತು. 1996ರಲ್ಲಿ ಸುಪ್ರೀಂ ಕೋರ್ಟು ಕುದುರೆ ರೇಸು ಕೌಶಲದ ಆಟ ಅಂತ ತೀರ್ಪು ಕೊಟ್ಟಿದ್ದು ನಿಜ. ತೆರಿಗೆಯವರಿಗೆ ಆ ಮಾತು ಕೇಳಿಸುವುದಿಲ್ಲ. ಬಾಜಿಯ ಪೂರ್ತಿ ಮೊತ್ತದ ಮೇಲೆ ಜಿಎಸ್‌ಟಿ ಮೊದಲು ಶೇ 28 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ 40. ಗೆದ್ದರೂ ಅಷ್ಟೇ, ಸೋತರೂ ಅಷ್ಟೇ. 100 ರೂಪಾಯಿ ಆಟಕ್ಕೆ ತೆರಿಗೆ ಸೇರಿ 140 ಕೊಟ್ಟಿರಿ ಅಂತ ಇಟ್ಟುಕೊಂಡು ಮೇಲಿನ ಲೆಕ್ಕವನ್ನೇ ಮತ್ತೆ ನೋಡಿ. 2,000 ಹೋಗಿ 2,800 ಆಯಿತು. ಮೊದಲಿನವರನ್ನು ನಂಬಿದವನಿಗೆ 200 ಇದ್ದ ನಷ್ಟ 1,000 ಆಯಿತು. ದರ ಹೇಳಿದ್ದಕ್ಕಿಂತ ಒಂದೂವರೆ ಪಟ್ಟು ಗೆದ್ದ ಎರಡನೆಯವರನ್ನು ಹಿಡಿದವನಿಗೂ ಕೈಗೆ ಬಂದ ಲಾಭ ಬರೀ 200. ಅಂಥ ಟ್ರೈನರ್ ಸಿಗುವುದೇ ಅಪರೂಪ, ಸಿಕ್ಕರೂ ಬಹಳ ದಿನ ಬಚ್ಚಿಟ್ಟುಕೊಳ್ಳಲು ಆಗುವುದಿಲ್ಲ. ಇದರ ಮೇಲೆ ಗೆಲುವು 10,000 ದಾಟಿದರೆ ಶೇ 30 ಟಿಡಿಎಸ್ ಅಂತ ಕೊಡುವಾಗಲೇ ಮುರಿದುಕೊಳ್ಳುತ್ತಾರೆ, ಸೋತ ದುಡ್ಡನ್ನು ಗೆದ್ದದ್ದರಲ್ಲಿ ಕಳೆಯಲೂ ಬಿಡುವುದಿಲ್ಲ. ಹಾಗಾಗಿ ನನ್ನ ಲಾಂಗ್ ಬುಕ್ಕಿನಿಂದ ನನಗೆ ಆಗುವ ದೊಡ್ಡ ಉಪಯೋಗ ಅಂದರೆ ಯಾವ ರೇಸು ಆಡಬಾರದು ಅಂತ ಗೊತ್ತಾಗುವುದು. ಎಂಟು ರೇಸಿನಲ್ಲಿ ಆರನ್ನು ಕಟ್ಟೆಯ ಮೇಲೆ ಕೂತು ಬರೀ ನೋಡಿದರೂ ಕುದುರೆ ಅಷ್ಟೇ ಚೆನ್ನಾಗಿ ಓಡುತ್ತದೆ. ಟಿಕೆಟ್ ಹರಿದು ಬಿಸಾಡುವ ಕೆಲಸ ಮಾತ್ರ ಇರುವುದಿಲ್ಲ.

ಸಾಲ ಮಾಡಿ ಆಡುವವರಿಗೆ, ಮೊಬೈಲಿನಲ್ಲಿ ಕದ್ದು ಆಡುವವರಿಗೆ ಈ ಪತ್ರದಲ್ಲಿ ಏನೂ ಇಲ್ಲ. ಅವರಿಗೆ ಯಾವ ಪಟ್ಟಿಯೂ ಸಹಾಯ ಮಾಡುವುದಿಲ್ಲ.

ನಿಮ್ಮಲ್ಲಿ ಕೇಳುವುದು ದೊಡ್ಡದೇನಲ್ಲ. ಗೆಲುವಿನ ಪಕ್ಕದಲ್ಲಿ ಓಡಿಸಿದ್ದೆಷ್ಟು, ಎರಡು ಮೂರನೆಯದಾಗಿ ಬಂದದ್ದೆಷ್ಟು ಅಂತ ಹಾಕಿ. ಸೀಸನ್ನಿಗೆ ಒಂದು ಸಲವಾದರೂ ಮೊದಲ ಓಟದ ಮರಿಗಳ ಲೆಕ್ಕ, ಬಿಡುವಿನ ನಂತರ ಬಂದ ಕುದುರೆಗಳ ಲೆಕ್ಕ ಬೇರೆ ಮಾಡಿ ಕೊಡಿ, ಒಂದು ಸೀಸನ್ನಿನದು ಸಾಲದು, ಹಿಂದಿನ ಮೂರು ನಾಲ್ಕು ಸೀಸನ್ ಸೇರಿಸಿ. ಎಲ್ಲರೂ 100 ರೂಪಾಯಿಯಂತೆ ಕಟ್ಟಿದ್ದರೆ ಉಳಿಯುತ್ತಿದ್ದದ್ದೆಷ್ಟು, ಹೋಗುತ್ತಿದ್ದದ್ದೆಷ್ಟು ಅಂತ ಕೊನೆಯಲ್ಲಿ ಒಂದು ಕಾಲಂ ಇರಲಿ, ತೆರಿಗೆ ಸೇರಿಸಿ. ಜಾಗ ಇಲ್ಲ ಅನ್ನುತ್ತೀರಿ, ಗೊತ್ತು. ಪಟ್ಟಿಯ ಕೆಳಗೆ ನಕ್ಷತ್ರದ ಗುರುತು ಹಾಕಿ 'ಇಂದಿನ ಗ್ಯಾರಂಟಿ ಕುದುರೆ' ಅಂತ ಒಂದು ಚೌಕ ಹಾಕುತ್ತೀರಲ್ಲ, ಅದನ್ನು ತೆಗೆದರೆ ನಾಲ್ಕು ಕಾಲಂ ಧಾರಾಳವಾಗಿ ಹಿಡಿಸುತ್ತದೆ.

ಇಂತಿ,
ನಿಮ್ಮ ಹಳೆಯ ಓದುಗ
ಬಿ.ಎಚ್. ರಸ್ತೆ, ತುಮಕೂರು