ಕ್ಯಾರವಾನ್ ಸರಿ, ಖಾಲಿ ಮಾಡುವುದೆಲ್ಲಿ?

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಪ್ರವಾಸ ಪುಟದಲ್ಲಿ ಕ್ಯಾರವಾನ್, ಅಂದರೆ ಚಕ್ರದ ಮೇಲಿನ ಮನೆಯ ಬಗ್ಗೆ ಬಂದ ಬರಹವನ್ನು ಮೊಬೈಲಿನಲ್ಲಿ ಓದಿದೆ. ನಮ್ಮ ರಾಜ್ಯದಲ್ಲೂ ಇದು ಬೆಳೆಯಬೇಕು ಎಂದಿದ್ದೀರಿ. ಸಂತೋಷ. ಫೋಟೊದಲ್ಲಿ ಸೋಫಾ ಇತ್ತು, ಟಿವಿ ಇತ್ತು, ಪುಟ್ಟ ಅಡುಗೆಮನೆ ಇತ್ತು. ಒಳಗೇ ಟಾಯ್ಲೆಟ್ ಇದೆ ಎಂದೂ ಬರೆದಿತ್ತು. ಅದು ತುಂಬಿದ ಮೇಲೆ ಏನು ಮಾಡಬೇಕು ಅನ್ನೋದು ಮಾತ್ರ ಎಲ್ಲೂ ಇರಲಿಲ್ಲ.

ನಗಬೇಡಿ. ನನ್ನ ಪತ್ರ ಇರುವುದೇ ಅದರ ಬಗ್ಗೆ.

ನಾನು ಸಂಡೂರಿನಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು. ನಮ್ಮ ಮನೆಯವರು ಅಲ್ಲೇ ಕಬ್ಬಿಣದ ಅದಿರಿನ ಗಣಿಯಲ್ಲಿ ಫೋರ್‌ಮನ್ ಆಗಿದ್ದರು. ಇಬ್ಬರೂ ರಿಟೈರ್ ಆಗಿ ಈಗ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಮಗಳ ಮನೆಯಲ್ಲಿದ್ದೇವೆ. ಹೋದ ಆಗಸ್ಟ್‌ನಲ್ಲಿ ಅಳಿಯನ ಕಾರಿಗೆ ಅವರದೇ ಹಳೇ ಕ್ಯಾರವಾನ್ ಸಿಕ್ಕಿಸಿಕೊಂಡು ಕರಿಜಿನಿ ನ್ಯಾಷನಲ್ ಪಾರ್ಕಿಗೆ ಹೋಗಿಬಂದೆವು. ಪರ್ತ್‌ನಿಂದ ಒಂದು ದಿಕ್ಕಿಗೇ ಸುಮಾರು 1,400 ಕಿಲೋಮೀಟರ್. ಪಿಲ್ಬರಾ ಎನ್ನುವ ಕೆಂಪು ಸೀಮೆ. ಹೀಗೆ ತಿರುಗುವ ತಲೆ ನೆರೆತವರಿಗೆ ಇಲ್ಲಿ ಒಂದು ಹೆಸರೇ ಇದೆ, 'ಗ್ರೇ ನೊಮ್ಯಾಡ್ಸ್'. ಗುಡ್ಡದಾಚೆಯ ಸಂಬಂಧಿಕರ ಮನೆಗೆ ಹೋಗಲೂ ನಾಲ್ಕು ದಿನ ಯೋಚಿಸುತ್ತಿದ್ದವರು ನಾವು. ಈಗ ಅಲೆಮಾರಿಗಳಾದೆವು!

ಗ್ರೇಟ್ ನಾರ್ದರ್ನ್ ಹೆದ್ದಾರಿಯಲ್ಲಿ ಊರೆಂದರೆ ನೂರಾರು ಕಿಲೋಮೀಟರಿಗೆ ಒಂದು. ಮೌಂಟ್ ಮ್ಯಾಗ್ನೆಟ್, ಕ್ಯೂ, ಮೀಕಥಾರಾ, ನ್ಯೂಮನ್. ನಡುವೆ ಕೆಂಪು ಮಣ್ಣು, ಮುಲ್ಗಾ ಗಿಡ, ಹುತ್ತ. ಕ್ಯಾರವಾನ್ ಎಳೆಯುತ್ತಾ ನಮ್ಮವರು ಗಂಟೆಗೆ 85 ಕಿಲೋಮೀಟರ್ ದಾಟಲಿಲ್ಲ. ಹಿಂದಿನಿಂದ ರೋಡ್ ಟ್ರೇನ್ ಬಂದರೆ ನನಗೆ ಎದೆ ಢವಢವ. ಒಂದೇ ಲಾರಿಗೆ ಮೂರು ನಾಲ್ಕು ಟ್ರೇಲರ್, ಕೆಲವು 53 ಮೀಟರಿಗೂ ಉದ್ದ. ಕಾರಿನಲ್ಲಿ ಒಂದು ರೇಡಿಯೊ ಇತ್ತು. ಲಾರಿಯವರು ಮಾತಾಡುವುದು 40ನೇ ಚಾನೆಲ್‌ನಲ್ಲಿ. ಅದು ನನ್ನ ಖಾತೆ. ಕ್ಲಾಸಿನಲ್ಲಿ ಹಾಜರಿ ಕೂಗಿದ ಹಾಗೆ ಬಿಡಿಸಿ ಬಿಡಿಸಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ, 'ಮುಂದೆ ರಸ್ತೆ ಖಾಲಿ ಇದೆ, ನೀವು ಹೋಗಬಹುದು.' ಒಬ್ಬ ಡ್ರೈವರ್ 'ಥ್ಯಾಂಕ್ಯೂ ಮಿಸ್' ಅಂದ. ಟೀಚರ್ ಅಂತ ಹೇಗೆ ಗೊತ್ತಾಯಿತೋ!

ರಾತ್ರಿ ಉಳಿದದ್ದು ಹೆದ್ದಾರಿ ಪಕ್ಕದ 24 ಗಂಟೆಯ ವಿಶ್ರಾಂತಿ ತಾಣಗಳಲ್ಲಿ. ಒಂದು ದಿನ ಬಿಟ್ಟಿ ಇರಬಹುದು. ಮೇಜು, ನೆರಳು, ಗುಂಡಿ ಕಕ್ಕಸು, ಅಷ್ಟೇ. ಕಾವಲುಗಾರನಿಲ್ಲ, ಚೀಟಿ ಇಲ್ಲ. ಕತ್ತಲಾಗುವ ಹೊತ್ತಿಗೆ ಏಳೆಂಟು ಗಾಡಿ ಬಂದು ನಿಲ್ಲುತ್ತಿದ್ದವು. ಹೆಚ್ಚಿನವರು ನಮ್ಮ ವಯಸ್ಸಿನವರೇ. ನಾನು ಮಾಡಿದ ಮಂಡಕ್ಕಿ ಒಗ್ಗರಣೆಯ ವಾಸನೆಗೆ ಪಕ್ಕದ ಗಾಡಿಯ ಅಜ್ಜಿ ತಟ್ಟೆ ಹಿಡಿದುಕೊಂಡೇ ಬಂದರು.

ಈಗ ಅಸಲು ವಿಷಯ. ಕ್ಯಾರವಾನ್ ಟಾಯ್ಲೆಟ್ಟಿನ ಕೆಳಗೆ ಸೂಟ್‌ಕೇಸಿನಂಥ ಒಂದು ಡಬ್ಬ ಇರುತ್ತದೆ, ಕ್ಯಾಸೆಟ್ ಅಂತಾರೆ. ಇಬ್ಬರಿಗೆ ಮೂರು ದಿನ ಬರುತ್ತದೆ. ಆಮೇಲೆ ಅದನ್ನು ಹೊರಗಿನ ಬಾಗಿಲಿನಿಂದ ಎಳೆದು, ಚಕ್ರದ ಮೇಲೆ ಉರುಳಿಸಿಕೊಂಡು ಹೋಗಿ 'ಡಂಪ್ ಪಾಯಿಂಟ್'ನಲ್ಲಿ ಸುರಿಯಬೇಕು. ಸಣ್ಣ ಸಣ್ಣ ಊರಿನಲ್ಲೂ ಇಂಥದ್ದೊಂದು ಸಿಗುತ್ತದೆ, ಎಷ್ಟೋ ಕಡೆ ದುಡ್ಡೂ ಇಲ್ಲ. ನೋಡಲು ಏನೂ ಇಲ್ಲ: ಮೊಣಕಾಲೆತ್ತರದ ಸಿಮೆಂಟ್ ಕಟ್ಟೆ, ಅದಕ್ಕೊಂದು ಮುಚ್ಚಳ, ತೊಳೆಯಲು ಒಂದು ಪೈಪು. ಕುಡಿಯುವ ನೀರಿನ ನಲ್ಲಿ ಬೇರೆ, ಸಾಕಷ್ಟು ದೂರ.

ಮೊದಲ ಸಲ ನಮ್ಮವರು ಡಬ್ಬ ಬಗ್ಗಿಸಿದರು. ಗಾಳಿ ಹೋಗಲು ಅದರ ಮೇಲೆ ಒಂದು ಗುಂಡಿ ಇರುತ್ತದೆ, ಒತ್ತಿ ಹಿಡಿದಿರಬೇಕು. ಅವರು ಒತ್ತಲಿಲ್ಲ. ಗಳಗಳ ಅಂತ ಚಿಮ್ಮಿ ಹೊಸ ಶೂ, ಪ್ಯಾಂಟು, ಎಲ್ಲ ಹೋಯಿತು. ಇನ್ನೂರು ಜನರ ಮೇಲೆ ಗದರಿದ ಫೋರ್‌ಮನ್ನು ಹಾಗೇ ಕೈ ಅಗಲಿಸಿ ನಿಂತುಬಿಟ್ಟರು. ಹಿಂದೆ ಸಾಲಿನಲ್ಲಿದ್ದ ಹೆಂಗಸು ಬಂದು, ನಗದೆ, ಗುಂಡಿ ತೋರಿಸಿಕೊಟ್ಟರು. 'ಎಲ್ಲರಿಗೂ ಒಂದು ಸಲ ಆಗುತ್ತೆ' ಅಂದರು. ನಾನು ಕಾರಿನೊಳಗೆ ಹೋಗಿ ನಕ್ಕೆ.

ಕರಿಜಿನಿಯ ಡೇಲ್ಸ್ ಕ್ಯಾಂಪಿನಲ್ಲಿ ಕರೆಂಟಿಲ್ಲ, ನಲ್ಲಿ ಇಲ್ಲ. ಬೆಂಕಿ ಹಾಕುವಂತಿಲ್ಲ. 160 ಲೀಟರ್ ನೀರಿನಲ್ಲಿ ನಾಲ್ಕು ದಿನ ಕಳೆದೆವು. ತಟ್ಟೆಯನ್ನು ಮೊದಲು ಕಾಗದದಲ್ಲಿ ಒರೆಸಿ, ಆಮೇಲೆ ಒಂದು ಲೋಟ ನೀರಿನಲ್ಲಿ ತೊಳೆಯೋದು. ಮೊದಲ ರಾತ್ರಿಯೇ ನನ್ನ ಎಡಗಾಲಿನ ಚಪ್ಪಲಿಯನ್ನು ಡಿಂಗೋ (ಇಲ್ಲಿನ ಕಾಡುನಾಯಿ) ಎತ್ತಿಕೊಂಡು ಹೋಯಿತು. ಹೊರಗೆ ಏನೂ ಬಿಡಬೇಡಿ ಅಂತ ಬೋರ್ಡು ಹಾಕಿದ್ದರು, ತಪ್ಪು ನನ್ನದೇ.

ಅಲ್ಲಿ ಪ್ರತಿ ಕಾಲುದಾರಿಗೂ ನಂಬರ್ ಕೊಟ್ಟಿದ್ದಾರೆ. 1 ಅಂದರೆ ಗಾಲಿಕುರ್ಚಿಯೂ ಹೋಗಬಹುದು, 6 ಅಂದರೆ ಹಗ್ಗ ಕಟ್ಟಿಕೊಂಡು ಇಳಿಯುವವರಿಗೆ. ಹ್ಯಾಂಡ್‌ರೇಲ್ ಪೂಲ್ ಎಂಬ ಕೊಳದ ದಾರಿ 5. ನನ್ನ ಮಂಡಿ 3ರ ತನಕ. ಹಾಗಾಗಿ ನಾವು ಹೋದದ್ದು ಫೋರ್ಟೆಸ್ಕ್ಯೂ ಜಲಪಾತ, ಅದರ ಮೇಲಿನ ಫರ್ನ್ ಪೂಲ್ ಎಂಬ ಕೊಳಕ್ಕೆ. ಜಲಪಾತದಲ್ಲಿ ಮೆಟ್ಟಿಲು ಮೆಟ್ಟಿಲಾದ ಬಂಡೆಯ ಮೇಲೆ ವರ್ಷವಿಡೀ ನೀರು ಹರಿಯುತ್ತದೆ. ಇಲ್ಲಿನ ಮೂಲನಿವಾಸಿಗಳಾದ ಬನ್ಜಿಮಾ ಜನರಿಗೆ ಫರ್ನ್ ಪೂಲ್ ಪವಿತ್ರ ಜಾಗ. ಗದ್ದಲ ಮಾಡದೆ ಇಳಿಯಿರಿ ಎಂದು ಬರೆದಿದ್ದರು. ಮೇಲೆ ಮರದಲ್ಲಿ ಬಾವಲಿಗಳು ನೇತಾಡುತ್ತಿದ್ದವು, ಗಲಾಟೆ ಇದ್ದದ್ದು ಅವುಗಳದ್ದೇ. ನೀರು ಮಂಜಿನ ಹಾಗೆ. ನಾನು ಸೀರೆಯ ನೆರಿಗೆ ಎತ್ತಿ ಪಾದ ಮಾತ್ರ ಇಳಿಬಿಟ್ಟೆ.

ಕೊರಕಲಿನ ಗೋಡೆ ನೋಡಬೇಕು. ಕೆಂಪು, ಕಪ್ಪು, ಮತ್ತೆ ಕೆಂಪು, ಒಂದರ ಮೇಲೊಂದು ಇಳಕಲ್ ಸೀರೆ ಮಡಿಸಿಟ್ಟ ಹಾಗೆ. ಸುಮಾರು 250 ಕೋಟಿ ವರ್ಷದ ಹಿಂದೆ ಸಮುದ್ರದ ತಳದಲ್ಲಿ ಕಬ್ಬಿಣ ಮತ್ತು ಸಿಲಿಕಾ ಪದರ ಪದರವಾಗಿ ಕೂತು ಆದ ಕಲ್ಲಂತೆ. ನಮ್ಮವರು ಹತ್ತಿರ ಹೋಗಿ ಉಗುರಿನಲ್ಲಿ ಕೆರೆದು ನೋಡಿದರು. 'ಇದು ನಮ್ಮ ಬಿಎಚ್‌ಕ್ಯೂ (ಕಬ್ಬಿಣದ ಪಟ್ಟೆ ಪಟ್ಟೆ ಕಲ್ಲು) ಜಾತಿನೇ ಕಣೆ. ಇದನ್ನ ನಾವು ಅದಿರಲ್ಲ ಅಂತ ಪಕ್ಕಕ್ಕೆ ತಳ್ತಿದ್ವಿ. ಇವರು ನೋಡೋಕೆ ದುಡ್ಡು ತಗೊಂತಾರೆ!' ಅಂದರು. ಆಮೇಲೆ ಬಹಳ ಹೊತ್ತು ಅಲ್ಲೇ ಕೂತಿದ್ದರು. ನಾನೂ ಎಬ್ಬಿಸಲಿಲ್ಲ.

ಸಂಪಾದಕರೇ, ಕೇರಳ 2021ರಲ್ಲೇ ಕ್ಯಾರವಾನ್ ಪ್ರವಾಸಕ್ಕೆ ಒಂದು ನೀತಿ ತಂದಿತು. ನಮ್ಮಲ್ಲೂ ಮಾತು ನಡೆದಿದೆ ಅಂದರೆ ಒಳ್ಳೆಯದೇ. ಆದರೆ ಗಾಡಿಗೆ ಸಬ್ಸಿಡಿ ಕೊಡುವ ಮೊದಲು ಹೊಸಪೇಟೆಯಲ್ಲೊಂದು, ಬಾದಾಮಿಯಲ್ಲೊಂದು, ಚಿಕ್ಕಮಗಳೂರಲ್ಲೊಂದು ಸಿಮೆಂಟ್ ಕಟ್ಟೆ ಕಟ್ಟಿಸಿ, ಒಳಚರಂಡಿಗೆ ಜೋಡಿಸಿ. ಪಕ್ಕದಲ್ಲಿ ನಲ್ಲಿ ಬೇಡ, ದಯವಿಟ್ಟು ದೂರ ಹಾಕಿ. ರಾತ್ರಿ ನಿಲ್ಲಿಸಲು ನಾಲ್ಕು ಮರದ ನೆರಳು, ಚಿಲಕ ಬೀಳುವ ಒಂದು ಕಕ್ಕಸು. ಇಷ್ಟಕ್ಕೆ ಎಷ್ಟು ಖರ್ಚಾಗುತ್ತೆ? ಇದಿಲ್ಲದೆ ಗಾಡಿ ಮಾತ್ರ ಬಂದರೆ ಆ ಡಬ್ಬ ಎಲ್ಲಿ ಖಾಲಿಯಾಗುತ್ತೆ ಅಂತ ನಾನು ಹೇಳಬೇಕಾ? ತುಂಗಭದ್ರೆಯ ದಂಡೆ ಹತ್ತಿರದಲ್ಲೇ ಇದೆಯಲ್ಲ.

ಜನವರಿಯಲ್ಲಿ ಊರಿಗೆ ಬರುತ್ತಿದ್ದೇವೆ. ಹಂಪಿ, ಬಾದಾಮಿ, ಪಟ್ಟದಕಲ್ಲನ್ನು ಕ್ಯಾರವಾನಿನಲ್ಲೇ ನೋಡೋಣ ಎಂದು ನಮ್ಮವರು ಹಟ ಹಿಡಿದಿದ್ದಾರೆ. ಗುಂಡಿ ಒತ್ತೋದು ಈಗ ಅವರಿಗೆ ಚೆನ್ನಾಗಿ ಬರುತ್ತದೆ. ಆ ದಾರಿಯಲ್ಲಿ ಡಂಪ್ ಪಾಯಿಂಟ್ ಎಲ್ಲಾದರೂ ಇದ್ದರೆ ನಿಮ್ಮ ಓದುಗರು ಈ ಅಂಕಣದಲ್ಲೇ ತಿಳಿಸಲಿ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ,
ಸಂಡೂರು (ಸದ್ಯ ಪರ್ತ್, ಆಸ್ಟ್ರೇಲಿಯಾ)